ಬಂಡೆಯ ಊರಿನ ಶಿಕ್ಷಕಿ

ಸ್ಮರಣ ಸಂಪುಟದ ಸಂಪಾದಕ ಮಂಡಲಿಯವರು ನನ್ನ ನೈಜೀರಿಯಾ ವಾಸದ ಅನುಭವಗಳನ್ನು ಬರೆದುಕೊಡಬೇಕೆಂದು ಅಪ್ಪಣೆ ಮಾಡಿದ್ದಾರೆ. ಪರದೇಶದ ಊಟ ಉಪಚಾರ, ಹವೆ, ವಿಮಾನಯಾನ ಮುಂತಾದವುಗಳನ್ನು ವರ್ಣಿಸಿದರೆ ಓದುಗರ ಕುತೂಹಲ ಒಂದಿಷ್ಟು ತಣಿಯಬಹುದು. ಆದರೆ ಆ ಐದು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದುಬಂದದ್ದು ನಾನು ಎಂದೂ ಕಾಣದ ಒಬ್ಬ ಮಹಿಳೆಯ ಚರಿತ್ರೆ. ನಾನು ಅಲ್ಲಿಗೆ ಹೋದದ್ದು 1980ರಲ್ಲಿ. ಅವರು ತೀರಿಕೊಂಡದ್ದು 1978ರ ಏಪ್ರಿಲ್ 13ರಂದು. ಅವರ ಹೆಸರು ಫುನ್ಮಿಲಾಯೊ ರಾನ್ಸಮ್ ಕುಟಿ. ವೃತ್ತಿಯಿಂದ ಶಿಕ್ಷಕಿ, ಮುಖ್ಯೋಪಾಧ್ಯಾಯರೊಬ್ಬರ ಪತ್ನಿ. ಶಾಲೆಯೊಂದರ ಸಂಪುಟದಲ್ಲಿ ಅವರ ವಿಷಯ ಬರುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ನೈಜೀರಿಯಾ ಸರಕಾರವು 1976ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದಿತು. 1979ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಪಶ್ಚಿಮ ಭಾಗದ ರಾಜ್ಯ ಸರಕಾರಗಳು ಮಾಧ್ಯಮಿಕ ಶಿಕ್ಷಣವನ್ನೂ ಉಚಿತಗೊಳಿಸಿದವು. ಶಾಲೆಗಳು ತುಂಬಿ ತುಳುಕಿದವು, ಶಿಕ್ಷಕರು ಸಾಲದಾದರು. ಹೀಗಾಗಿ ಭಾರತದಿಂದ, ಘಾನಾದಿಂದ ಶಿಕ್ಷಕರು ಅಲ್ಲಿಗೆ ಹೋದರು. ಅವರಲ್ಲಿ ಗಣಿತ ಕಲಿಸಲು ಒಗುನ್ ರಾಜ್ಯದ ರಾಜಧಾನಿಯಾದ ಅಬೆಯೊಕುಟಾ ಸೇರಿದವನು ನಾನೂ ಒಬ್ಬ. ಅಬೆಯೊಕುಟಾ ಎಂದರೆ ಅವರ ಯೊರುಬಾ ಭಾಷೆಯಲ್ಲಿ ಬಂಡೆಯ ಕೆಳಗಿನದು ಎಂದರ್ಥ. ಸುಮಾರು 1830ರಲ್ಲಿ ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ಎಗ್ಬಾ ಜನರು ಒಲುಮೊ ಎಂಬ ಹೆಬ್ಬಂಡೆಯ ಆಶ್ರಯದಲ್ಲಿ ಕಟ್ಟಿದ ಊರದು. ಏರಿಳಿತದ ನೆಲ, ತುಕ್ಕು ಹಿಡಿದ ತಗಡಿನ ಮಾಡುಗಳು, ಎಲ್ಲೆಲ್ಲೂ ಸಂತೆ. ಸಂತೆಯೆಂದರೆ ಹೆಂಗಸರು. ವ್ಯಾಪಾರವೆಲ್ಲ ಅವರ ಕೈಯಲ್ಲಿ.

ನಮ್ಮ ಮನೆಯೊಡತಿಯೂ ಬಟ್ಟೆಯ ವ್ಯಾಪಾರದವರೇ. ನೀಲಿ ಬಣ್ಣದಲ್ಲಿ ಅದ್ದಿ ಚಿತ್ತಾರ ಮೂಡಿಸುವ ಆದಿರೆ ಎಂಬ ಬಟ್ಟೆಗೆ ಆ ಊರು ಪ್ರಸಿದ್ಧ. ಎಪ್ಪತ್ತರ ಹತ್ತಿರದ ಆ ತಾಯಿ ಪ್ರತಿರಾತ್ರಿ ಲಾಂದ್ರದ ಬೆಳಕಿನಲ್ಲಿ ತಮ್ಮ ಲೆಕ್ಕವನ್ನು ತಾವೇ ಬರೆಯುತ್ತಿದ್ದರು. ಕೂಡುವುದರಲ್ಲಿ ತಪ್ಪಿದ್ದನ್ನು ನಾನು ಕಾಣಲಿಲ್ಲ. ಯಾವ ಶಾಲೆಯಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ಶಾಲೆಗೆ ಹೋದವಳಲ್ಲ, ಬೇರೆ ಕಲಿಸಿದರು ಎಂದರು. ನಮ್ಮ ಕನ್ನಡದ 'ಬೇರೆ'ಯಂತೆಯೇ ಕೇಳಿಸುವ ಆ ಶಬ್ದದಿಂದ ನಾನು ಕ್ಷಣಕಾಲ ತಬ್ಬಿಬ್ಬಾದೆ. ಅದು ಹಿರಿಯಳೆಂಬ ಗೌರವದಿಂದ ಊರ ಹೆಂಗಸರು ಫುನ್ಮಿಲಾಯೊ ಅವರಿಗೆ ಕೊಟ್ಟ ಹೆಸರೆಂದು ಆಮೇಲೆ ತಿಳಿಯಿತು. ಅಂದಿನಿಂದ ಅವರ ವಿಷಯ ಸಿಕ್ಕಲ್ಲಿ ಓದಿದೆ, ಸಿಕ್ಕವರನ್ನು ಕೇಳಿದೆ. ಊರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ, 1997ರಲ್ಲಿ ಇಬ್ಬರು ವಿದುಷಿಯರು ಬರೆದ ಅವರ ಸವಿಸ್ತಾರವಾದ ಜೀವನಚರಿತ್ರೆಯೂ ಪ್ರಕಟವಾಯಿತು.

ಅವರು ಹುಟ್ಟಿದ್ದು ಅದೇ ಊರಿನಲ್ಲಿ, 1900ರ ಅಕ್ಟೋಬರ್ 25ರಂದು. ಗುಲಾಮರಾಗಿ ಮಾರಾಟಗೊಂಡು, ಬಿಡುಗಡೆ ಹೊಂದಿ, ಸಿಯೆರಾ ಲಿಯೋನಿನಿಂದ ತಾಯ್ನಾಡಿಗೆ ಮರಳಿದವರ ವಂಶ ಅವರದು. ಅಬೆಯೊಕುಟಾ ಗ್ರಾಮರ್ ಸ್ಕೂಲ್ ಎಂಬ ಗಂಡುಮಕ್ಕಳ ಶಾಲೆಯು 1914ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದಾಗ ಮೊದಲ ವಿದ್ಯಾರ್ಥಿನಿಯರಲ್ಲಿ ಅವರೂ ಇದ್ದರು. 1919ರಿಂದ 1922ರವರೆಗೆ ಇಂಗ್ಲೆಂಡಿನಲ್ಲಿ ಓದಿದರು. ತಂದೆತಾಯಿಗಳು ಇಟ್ಟ ಫ್ರಾನ್ಸಿಸ್ ಅಬಿಗೇಲ್ ಎಂಬ ಕ್ರೈಸ್ತ ನಾಮವನ್ನು ಅಲ್ಲಿದ್ದಾಗಲೇ ಬಿಟ್ಟು, ಯೊರುಬಾ ಹೆಸರನ್ನಷ್ಟೇ ಉಳಿಸಿಕೊಂಡರು. ಆಂಗ್ಲರ ನಾಡಿಗೆ ಹೋಗಿ ಆಂಗ್ಲ ಹೆಸರನ್ನು ತೊರೆದು ಬಂದವರು ಎಷ್ಟು ಜನ ಸಿಕ್ಕಾರು? 1925ರಲ್ಲಿ ಇಸ್ರೇಲ್ ರಾನ್ಸಮ್ ಕುಟಿ ಅವರೊಡನೆ ವಿವಾಹವಾಯಿತು. ಕ್ರೈಸ್ತ ಪಾದ್ರಿಗಳೂ ಶಿಕ್ಷಕರೂ ಆಗಿದ್ದ ಆತ ಮುಂದೆ 1932ರಿಂದ ಅದೇ ಗ್ರಾಮರ್ ಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1931ರಲ್ಲಿ ಆರಂಭವಾದ ನೈಜೀರಿಯಾ ಶಿಕ್ಷಕರ ಸಂಘದ ಪ್ರಥಮ ಅಧ್ಯಕ್ಷರೂ ಅವರೇ. ಅವರ ಕಟ್ಟುನಿಟ್ಟಿನ ಕಥೆಗಳನ್ನು ನನ್ನ ಕಾಲದ ಹಿರಿಯ ಶಿಕ್ಷಕರು ಇನ್ನೂ ಹೇಳುತ್ತಿದ್ದರು. ಎಲ್ಲವನ್ನೂ ನಂಬುವುದು ಕಷ್ಟವಾಗಿತ್ತು.

1932ರಲ್ಲಿ ಅವರು ಕಟ್ಟಿದ್ದು ಲೇಡೀಸ್ ಕ್ಲಬ್. ಓದು ಬಲ್ಲ, ಕ್ರೈಸ್ತ ಮನೆತನಗಳ ಸುಶಿಕ್ಷಿತ ಸ್ತ್ರೀಯರು ಸೇರಿ ಹೊಲಿಗೆ, ಅಡುಗೆ, ಶಿಷ್ಟಾಚಾರಗಳನ್ನು ಕಲಿಯುವ ಮಂಡಲಿ. ಅಂಥ ಮಂಡಲಿಗಳು ಜಗತ್ತಿನ ಎಲ್ಲ ಊರುಗಳಲ್ಲೂ ಇವೆ. ಅಲ್ಲಿಗೇ ನಿಂತಿದ್ದರೆ ಅವರ ಹೆಸರು ನಮ್ಮವರೆಗೆ ಬರುತ್ತಿರಲಿಲ್ಲ. 1944ರ ಸುಮಾರಿಗೆ ಸಂತೆಯ ಹೆಂಗಸೊಬ್ಬಳು ತನಗೆ ಓದಲು ಕಲಿಸಬೇಕೆಂದು ಬಯಸಿ ಅವರ ಬಳಿ ಬಂದಳು. ಅಕ್ಷರ ಕಲಿಯಲು ಬಂದವಳ ಹಿಂದೆ ಇತರರೂ ಬಂದರು. ಕಲಿಯುತ್ತ ಕಲಿಯುತ್ತ ತಮ್ಮ ಗೋಳನ್ನೂ ಹೇಳತೊಡಗಿದರು. ಯುದ್ಧಕಾಲದ ಕಟ್ಟಳೆಗಳ ನೆಪದಲ್ಲಿ ಅಧಿಕಾರಿಗಳು ತಮ್ಮ ಅಕ್ಕಿಯನ್ನು ನ್ಯಾಯವಾದ ಬೆಲೆ ಕೊಡದೆ ಒಯ್ಯುತ್ತಾರೆ ಎಂಬುದು ಮೊದಲ ಗೋಳು. ಶಿಕ್ಷಕಿ ಅರ್ಜಿ ಬರೆದರು. ಅರ್ಜಿಗೆ ಬೆಲೆ ಸಿಗದಿದ್ದಾಗ ಪತ್ರಿಕೆಗೆ ತಿಳಿಸಿದರು. ಅಕ್ಕಿಯ ಜಪ್ತಿ ನಿಂತಿತು. 1946ರಲ್ಲಿ ಲೇಡೀಸ್ ಕ್ಲಬ್ಬು ಮಹಿಳಾ ಸಂಘವಾಯಿತು, ಸಂತೆಯವರಿಗೆಲ್ಲ ಬಾಗಿಲು ತೆರೆಯಿತು. ಸದಸ್ಯರ ಸಂಖ್ಯೆ ಸುಮಾರು 20,000 ಆಯಿತೆಂದು ಹೇಳುತ್ತಾರೆ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಲು ವಾಚಕರು ಅನುಮತಿ ಕೊಡಬೇಕು. ನನ್ನ ತಾಯಿ ವಾರದ ಸಂತೆಯಲ್ಲಿ ಬದನೆಕಾಯಿ, ಸೊಪ್ಪು ಮಾರಿ ನನ್ನನ್ನು ಓದಿಸಿದವಳು. ಜಕಾತಿಯವನು ಬಂದಾಗ ಕೇಳಿದಷ್ಟು ಕೊಡುತ್ತಿದ್ದಳು. ಪಾವತಿ ಎಂಬುದನ್ನು ಕಂಡವಳಲ್ಲ. ಕೊಟ್ಟರೂ ಅದರಲ್ಲಿ ಎಷ್ಟು ಬರೆದಿದೆಯೆಂದು ಓದುವ ಶಕ್ತಿ ಅವಳಿಗಿರಲಿಲ್ಲ. ನಾನು ಪ್ರಸಾದ ನಿಲಯದಿಂದ ರಜೆಗೆ ಹೋದಾಗ ಪಕ್ಕದಲ್ಲಿ ಕುಳಿತು ಆ ಚೀಟಿಯನ್ನು ಕೇಳುವ ಧೈರ್ಯ ಮಾಡಿದ್ದೆ. ತಾಯಿ ನನ್ನ ಕೈಹಿಡಿದು ಸುಮ್ಮನಾಗಿಸಿದಳು. ಮುಂದಿನ ವಾರ ಅದೇ ಜಾಗದಲ್ಲಿ ಅವಳು ಕುಳಿತುಕೊಳ್ಳಬೇಕಾಗಿತ್ತಲ್ಲ. ಅಬೆಯೊಕುಟಾದ ಹೆಂಗಸರು ಅರಸನನ್ನೇ ಲೆಕ್ಕ ಕೇಳಿದರೆಂದು ಮನೆಯೊಡತಿ ಹೇಳಿದ ರಾತ್ರಿ ನನಗೆ ನೆನಪಾದದ್ದು ಆ ಕೈ.

ಲೆಕ್ಕ ಕೇಳಿದ್ದು ಹೀಗೆ. ಬ್ರಿಟಿಷರು ನೈಜೀರಿಯಾವನ್ನು ದೇಶೀಯ ದೊರೆಗಳ ಮೂಲಕ ಆಳುತ್ತಿದ್ದರು. ಎಗ್ಬಾ ಜನರ ದೊರೆಗೆ ಅಲಾಕೆ ಎಂದು ಹೆಸರು. 1920ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅದೆಮೊಲಾ ಆಗಿನ ಅಲಾಕೆ. ಹಿಂದಿನ ಕಾಲದಲ್ಲಿ ಅಲಾಕೆಯನ್ನು ಹಿಡಿತದಲ್ಲಿಡಲು ಹಿರಿಯರ ಮಂಡಲಿಗಳಿದ್ದವು. ಸ್ತ್ರೀಯರಿಗೂ ತಮ್ಮದೇ ನಾಯಕಿಯರಿದ್ದರು. ಬ್ರಿಟಿಷ್ ವ್ಯವಸ್ಥೆಯಲ್ಲಿ ದೊರೆಯೊಬ್ಬನೇ ಸರ್ವಾಧಿಕಾರಿಯಾದನು, ಸ್ತ್ರೀಯರ ಸ್ಥಾನ ಅಳಿಸಿಹೋಯಿತು. ಆದರೆ ಕಂದಾಯ ಮಾತ್ರ ಅವರಿಗೂ ಬಂತು. ಯೊರುಬಾ ನಾಡಿನ ಬಹುಭಾಗದಲ್ಲಿ ಹೆಂಗಸರಿಗೆ ತಲೆಗಂದಾಯವಿರಲಿಲ್ಲ. ಅಬೆಯೊಕುಟಾದಲ್ಲಿ 1918ರಿಂದಲೇ ಇತ್ತು. ಗಂಡುಮಕ್ಕಳು 18ನೆಯ ವಯಸ್ಸಿನಿಂದ ಕೊಡಬೇಕಾದರೆ ಹೆಣ್ಣುಮಕ್ಕಳು 15ರಿಂದಲೇ ಕೊಡಬೇಕಾಗಿತ್ತು. ವಯಸ್ಸಿನ ವಿಷಯದಲ್ಲಿ ಸಂದೇಹ ಬಂದರೆ ಕಂದಾಯ ವಸೂಲಿಯವರು ಎಳೆಯ ಹುಡುಗಿಯರ ಬಟ್ಟೆ ಸರಿಸಿ ನೋಡುತ್ತಿದ್ದರು. ಇದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಆದರೆ ಹತ್ತು ಸಾವಿರ ಹೆಂಗಸರು ಅರಮನೆಯ ಮುಂದೆ ಏಕೆ ಬಂದು ಕುಳಿತರೆಂಬುದು ಇದನ್ನು ಬಿಟ್ಟರೆ ಅರ್ಥವಾಗುವುದಿಲ್ಲ.

ಫುನ್ಮಿಲಾಯೊ ಅವರ ಹೋರಾಟದ ಕ್ರಮವನ್ನು ಗಣಿತದ ಶಿಕ್ಷಕನಾಗಿ ನಾನು ಮೆಚ್ಚುತ್ತೇನೆ. ಮೊದಲು ಸಂಘದ ಹಣದಿಂದ ಲೆಕ್ಕಪರಿಶೋಧಕರೊಬ್ಬರನ್ನು ಗೊತ್ತುಮಾಡಿ ದೊರೆಯ ಆಡಳಿತದ ಆಯವ್ಯಯವನ್ನು ಪರೀಕ್ಷಿಸಿದರು. ಹೆಂಗಸರ ಕಂದಾಯದ ಬದಲು ಊರಿನಲ್ಲಿ ಲಾಭ ಗಳಿಸುವ ವಿದೇಶೀ ಕಂಪನಿಗಳ ಮೇಲೆ ತೆರಿಗೆ ಹಾಕಿರೆಂದು ಸಲಹೆ ಕೊಟ್ಟರು. ಮೆರವಣಿಗೆಗೆ ಪರವಾನಗಿ ದೊರೆಯದಿದ್ದಾಗ, ಇದು ಮೆರವಣಿಗೆಯಲ್ಲ, ವನಭೋಜನ, ಉತ್ಸವ ಎಂದು ಹೇಳಿ ಹೊರಟರು. ಆಶ್ರುವಾಯು ಬಂದರೆ ಕಣ್ಣು ಮುಚ್ಚಿಕೊಳ್ಳುವುದು ಹೇಗೆ, ಬಿದ್ದ ಡಬ್ಬಿಯನ್ನು ತಿರುಗಿ ಎಸೆಯುವುದು ಹೇಗೆ ಎಂಬುದನ್ನು ತಮ್ಮ ಮನೆಯಂಗಳದಲ್ಲಿಯೇ ಅಭ್ಯಾಸ ಮಾಡಿಸಿದರು. ತಾವೂ ಗೌನು ಬಿಟ್ಟು ಸಂತೆಯವರಂತೆ ಯೊರುಬಾ ಉಡುಗೆ ತೊಟ್ಟರು. ಸುಲಲಿತವಾಗಿ ಇಂಗ್ಲಿಷ್ ಬಲ್ಲವರು ಬ್ರಿಟಿಷ್ ಅಧಿಕಾರಿಗಳೆದುರು ಯೊರುಬಾ ಭಾಷೆಯಲ್ಲಿಯೇ ಮಾತನಾಡಿದರು. ದುಭಾಷಿಯನ್ನು ಹುಡುಕುವ ಪಾಡು ಆಳುವವರದಾಯಿತು.

1947ರ ನವೆಂಬರ್ 29 ಮತ್ತು 30ರಂದು ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅರಮನೆಯ ಮುಂದೆ ರಾತ್ರಿಯಿಡೀ ಕುಳಿತರು. ಡಿಸೆಂಬರಿನಲ್ಲಿ ಮತ್ತೆ ಕುಳಿತರು. ನಮ್ಮ ಮನೆಯೊಡತಿ ಎರಡು ಸಲವೂ ಇದ್ದರಂತೆ, ಮೊಲೆಹಾಲಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು. ಹೆದರಿಕೆಯಾಗಲಿಲ್ಲವೇ ಎಂದರೆ, ಆಯಿತು, ಆದರೆ ಎಡಕ್ಕೂ ಬಲಕ್ಕೂ ನಮ್ಮವರೇ ಇದ್ದರು ಎಂದರು. ಹಾಡು ಕಟ್ಟಿ ದೊರೆಯನ್ನು ಬಯ್ದದ್ದನ್ನು ನಕ್ಕು ನಕ್ಕು ಹೇಳಿದರು. ಹಾಡನ್ನು ಮಾತ್ರ ನನ್ನೆದುರು ಹಾಡಲಿಲ್ಲ. ಮುಂದೆ ನೊಬೆಲ್ ಪುರಸ್ಕೃತರಾದ ವೋಲೆ ಶೋಯಿಂಕಾ ಆಗ ಊರಿನ ಹುಡುಗ, ರಾನ್ಸಮ್ ಕುಟಿ ಮನೆತನದ ಬಂಧು. ತಮ್ಮ ಬಾಲ್ಯದ ಕಥನದಲ್ಲಿ ಆ ದಿನಗಳನ್ನು ಚಿತ್ರಿಸಿದ್ದಾರೆ. ತಮ್ಮೊಡನೆ ಒರಟಾಗಿ ಮಾತನಾಡಿದ ಬಿಳಿಯ ಅಧಿಕಾರಿಯನ್ನು ಫುನ್ಮಿಲಾಯೊ ಅವರು, ನಿನ್ನ ತಾಯಿಯೊಡನೆಯೂ ಹೀಗೆಯೇ ಮಾತನಾಡುವೆಯಾ ಎಂಬ ಅರ್ಥದಲ್ಲಿ ಗದರಿಸಿದ ಪ್ರಸಂಗ ಅದರಲ್ಲಿದೆ. ತರಗತಿಯಲ್ಲಿ ನಿಂತು ಬೆಳೆದ ದನಿ ಅದು.

1948ರಲ್ಲಿ ಹೆಂಗಸರ ಮೇಲಿನ ತಲೆಗಂದಾಯ ನಿಂತಿತು. 1949ರ ಜನವರಿ 3ರಂದು ಅಲಾಕೆ ಪಟ್ಟ ತೊರೆದು ಊರು ಬಿಟ್ಟರು. ಹೊಸದಾಗಿ ಏರ್ಪಟ್ಟ ಆಡಳಿತ ಮಂಡಲಿಯಲ್ಲಿ ಫುನ್ಮಿಲಾಯೊ ಅವರೂ ಸೇರಿ ನಾಲ್ವರು ಸ್ತ್ರೀಯರಿಗೆ ಸ್ಥಾನ ದೊರೆಯಿತು. ಆದರೆ 1950ರ ಡಿಸೆಂಬರಿನಲ್ಲಿ ಅದೇ ಅಲಾಕೆ ಪಟ್ಟಕ್ಕೆ ಮರಳಿ, 1962ರಲ್ಲಿ ತೀರಿಕೊಳ್ಳುವವರೆಗೂ ಆಳಿದರು. ಈ ಭಾಗವನ್ನು ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ರಾಷ್ಟ್ರದ ರಾಜಕಾರಣದಲ್ಲಿ ಅವರ ದಾರಿ ಇನ್ನೂ ಕಠಿಣವಾಗಿತ್ತು. 1947ರಲ್ಲಿ ಹೊಸ ಸಂವಿಧಾನವನ್ನು ಪ್ರತಿಭಟಿಸಲು ಲಂಡನ್ನಿಗೆ ಹೋದ ಎನ್.ಸಿ.ಎನ್.ಸಿ. ಪಕ್ಷದ ನಿಯೋಗದಲ್ಲಿ ಅವರೊಬ್ಬರೇ ಮಹಿಳೆ. ಪರಾಡಳಿತದಿಂದ ನೈಜೀರಿಯಾದ ಸ್ತ್ರೀಯರ ಸ್ಥಿತಿ ಹೀನವಾಯಿತೆಂದು ಅಲ್ಲಿನ ಪತ್ರಿಕೆಯಲ್ಲಿ ಬರೆದು ವಿವಾದಕ್ಕೊಳಗಾದರು. 1949ರಲ್ಲಿ ಅವರ ಸಂಘ ಅಖಿಲ ನೈಜೀರಿಯಾ ಮಹಿಳಾ ಸಂಘವಾಯಿತು. 1953ರಲ್ಲಿ ಮಹಿಳಾ ಸಂಸ್ಥೆಗಳ ಒಕ್ಕೂಟವನ್ನು ಕಟ್ಟಿದರು. ಚೀನಾ ದೇಶಕ್ಕೆ ಹೋಗಿಬಂದರು. ಕಮ್ಯುನಿಸ್ಟರೆಂಬ ಗುಮಾನಿಯಿಂದ ಸರಕಾರ ಅವರ ಪಾಸ್‌ಪೋರ್ಟನ್ನು ನವೀಕರಿಸಲಿಲ್ಲ. ಪತಿ 1955ರಲ್ಲಿಯೇ ತೀರಿಕೊಂಡಿದ್ದರು. 1959ರ ಚುನಾವಣೆಯಲ್ಲಿ ಪಕ್ಷ ಟಿಕೆಟ್ಟು ಕೊಡಲಿಲ್ಲ. ಅವರು ಸ್ವತಂತ್ರರಾಗಿ ನಿಂತರು, ಮತಗಳು ಒಡೆದು ಎದುರಾಳಿ ಪಕ್ಷ ಗೆದ್ದಿತು, ತಮ್ಮ ಪಕ್ಷದಿಂದ ಉಚ್ಚಾಟಿತರಾದರು. ಆ ಬಳಿಕ ಅವರು ಕಟ್ಟಿದ ಸ್ವಂತ ಪಕ್ಷ ಬಹುಕಾಲ ಬಾಳಲಿಲ್ಲ.

ನಿಂತದ್ದು ಸರಿಯೇ ಎಂಬ ಚರ್ಚೆ ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ನಡೆಯುತ್ತಿತ್ತು. ಪಕ್ಷದ ಶಿಸ್ತನ್ನು ಮೀರಬಾರದಿತ್ತು ಎಂದು ಒಬ್ಬ ಸಹೋದ್ಯೋಗಿ ವಾದಿಸುತ್ತಿದ್ದರು. ಹನ್ನೆರಡು ವರ್ಷ ದುಡಿಸಿಕೊಂಡು ಸ್ಥಾನ ಕೊಡುವಾಗ ಮಾತ್ರ ಬಾಗಿಲು ಮುಚ್ಚುವ ಪಕ್ಷಕ್ಕೆ ಶಿಸ್ತಿನ ಮಾತನ್ನಾಡುವ ಹಕ್ಕೇನಿದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಆಗಿದೆ. ಆದರೆ ಸೋಲಿನಿಂದ ಹೆಚ್ಚು ನಷ್ಟವಾದದ್ದು ಅವರಿಗಲ್ಲ. ಸ್ವತಂತ್ರ ನೈಜೀರಿಯಾದ ಶಾಸನಸಭೆ ಸಂತೆಯ ದನಿಯಿಲ್ಲದೆ ಆರಂಭವಾಯಿತು.

ಅವರ ಅಂತ್ಯ ದಾರುಣ. ಮಗ ಫೇಲಾ ಜಗತ್ಪ್ರಸಿದ್ಧ ಸಂಗೀತಗಾರ, ಸೈನಿಕ ಸರಕಾರದ ಕಟು ಟೀಕಾಕಾರ. ಲೇಗೋಸಿನ ಅವನ ಮನೆಗೆ ಕಲಕುಟ ಎಂದು ಹೆಸರು. ಅವನು ಸೆರೆಯಲ್ಲಿದ್ದ ಕೋಣೆಯ ಹೆಸರದು, ನಮ್ಮ ಕಲ್ಕತ್ತೆಯ ಕರಾಳ ಕೋಣೆಯಿಂದ ಬಂದದ್ದೆನ್ನುತ್ತಾರೆ. 1977ರ ಫೆಬ್ರುವರಿ 18ರಂದು ಸುಮಾರು ಸಾವಿರ ಸೈನಿಕರು ಆ ಮನೆಗೆ ನುಗ್ಗಿ ಬೆಂಕಿಯಿಟ್ಟರು. 76 ವರ್ಷದ ತಾಯಿಯನ್ನು ಮೇಲಂತಸ್ತಿನ ಕಿಟಕಿಯಿಂದ ಕೆಳಕ್ಕೆಸೆದರು. ಅವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ವಿಚಾರಣೆ ನಡೆದು, ಮಾಡಿದವನು ಅಜ್ಞಾತ ಸೈನಿಕ ಎಂಬ ತೀರ್ಮಾನ ಬಂತು. ಶವಸಂಸ್ಕಾರದ ದಿನ ಅಬೆಯೊಕುಟಾದ ಹೆಂಗಸರು ಅಂಗಡಿ, ಸಂತೆಗಳನ್ನು ಮುಚ್ಚಿದರು.

ದೇಶದ ಉತ್ತರ ಭಾಗದ ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಅವರು ಐವತ್ತರ ದಶಕದಿಂದಲೇ ಕೇಳುತ್ತಿದ್ದರು. ಅದು 1976ರಲ್ಲಿ ದೊರೆಯಿತು. ಆ ಸ್ತ್ರೀಯರು ಮೊದಲ ಸಲ ಮತ ಹಾಕಿದ್ದು 1979ರಲ್ಲಿ, ಇವರು ತೀರಿಕೊಂಡ ಮರುವರ್ಷ. 2012ರಲ್ಲಿ ನೈಜೀರಿಯಾದ ಕೇಂದ್ರ ಬ್ಯಾಂಕು 5,000 ನೈರಾದ ಹೊಸ ನೋಟಿನ ಮೇಲೆ ಇವರ ಮತ್ತು ಇನ್ನಿಬ್ಬರು ರಾಜಕೀಯ ಧುರೀಣೆಯರಾದ ಮಾರ್ಗರೆಟ್ ಎಕ್ಪೊ ಹಾಗೂ ಗಾಂಬೊ ಸವಾಬಾ ಅವರ ಭಾವಚಿತ್ರಗಳನ್ನು ಮುದ್ರಿಸುವುದಾಗಿ ಸಾರಿತು. ಜನರ ವಿರೋಧದಿಂದ ಅದೇ ವರ್ಷ ಆ ಯೋಜನೆಯನ್ನು ತಡೆಹಿಡಿಯಲಾಯಿತು. ಸೊಪ್ಪು ಮಾರುವವಳ ಹತ್ತಿರ ಚಿಲ್ಲರೆ ಸಿಗದಷ್ಟು ದೊಡ್ಡ ನೋಟಿನ ಮೇಲೆ ಅವರ ಮುಖ ಬರಲಿಲ್ಲವೆಂದು ನನಗೇನೂ ಖೇದವಾಗಲಿಲ್ಲ.