ಎಡಬಾಗಿಲಿನ ಸ್ಪೀಕರ್

ಮಕ್ಕಳೇ, ಕಾರಿನಲ್ಲಿ ಹೋಗುವಾಗ ನೀವು ಹಾಡು ಕೇಳಿರಬಹುದು. ಆ ಹಾಡು ಎಲ್ಲಿಂದ ಬರುತ್ತದೆಂದು ಎಂದಾದರೂ ಹುಡುಕಿದ್ದೀರಾ? ಬಾಗಿಲಿನ ಕೆಳಗಡೆ ದುಂಡಗಿನ ಜಾಲರಿಯೊಂದು ಕಾಣುತ್ತದೆ. ಅದರ ಹಿಂದೆ ಸ್ಪೀಕರ್ ಅಡಗಿರುತ್ತದೆ. ಅಂತಹ ಸ್ಪೀಕರಿಗೆ ಗೂಡು ಮಾಡಲು ಹೋಗಿ ನಾನು ಕಲಿತ ಪಾಠವನ್ನು ನಿಮಗೆ ಹೇಳುತ್ತೇನೆ.

ಅದು 2006ರ ಬೇಸಿಗೆ ರಜೆ. ನನಗಾಗ 17 ವರ್ಷ. ಕುಂಬಳೆಯ ಕಡಲತೀರದ ಹತ್ತಿರ ನನ್ನ ಸೋದರಮಾವನ ಪುಟ್ಟ ಶೆಡ್ ಇತ್ತು. ಮೀನುಗಾರರ ಫೈಬರ್ ದೋಣಿ ಒಡೆದರೆ ಮಾವ ಸರಿಪಡಿಸುತ್ತಿದ್ದರು. ಅದೇ ಸಾಮಾನಿನಿಂದ ಕಾರಿನ ಸ್ಪೀಕರಿಗೂ ಗೂಡು ಮಾಡಿಕೊಡುತ್ತಿದ್ದರು. ಒಂದು ದಿನ ಟ್ಯಾಕ್ಸಿ ಓಡಿಸುವವರೊಬ್ಬರು ತಮ್ಮ ಮಾರುತಿ ಕಾರನ್ನು ತಂದು ನಿಲ್ಲಿಸಿದರು. “ನಾಡಿದ್ದು ಮಗಳ ಮದುವೆ. ದಿಬ್ಬಣ ಹೊರಡುವಾಗ ಹಾಡು ಬೇಕು” ಎಂದರು.

ಗೂಡು ಏಕೆ ಬೇಕು ಗೊತ್ತೇ? ಹಾಡುವಾಗ ಸ್ಪೀಕರಿನ ಪರದೆ ಹಿಂದೆ ಮುಂದೆ ಅದುರುತ್ತದೆ. ಅದನ್ನು ತೆಳ್ಳಗಿನ ಹಲಗೆಗೆ ಕೂರಿಸಿದರೆ ಹಲಗೆಯೂ ಅದುರಿ ಸ್ವರ ಕೆಡುತ್ತದೆ. ಗಟ್ಟಿಯಾದ ಗೂಡಿದ್ದರೆ ಹಾಡು ಮಾತ್ರ ಕೇಳುತ್ತದೆ.

ಮಾವ ಬಾಗಿಲಿನ ಹಲಗೆಗೆ ಅಂಟುಪಟ್ಟಿ ಹಚ್ಚಿ ಮೇಣ ಸವರಿದರು. ಅದರ ಮೇಲೆ ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸಿದ ಗಾಜಿನ ನೂಲಿನ ಚಾಪೆಯನ್ನು ಹಾಸಿದರು. ಗಟ್ಟಿಯಾದ ಮೇಲೆ ಬಿಡಿಸಿದಾಗ ಬಾಗಿಲಿನ ಅಚ್ಚೇ ಸಿಕ್ಕಿತು! ಅದಕ್ಕೆ ಪ್ಲೈವುಡ್ಡಿನ ಬಳೆಯೊಂದನ್ನು ಸಣ್ಣ ಕಡ್ಡಿಗಳಿಂದ ಓರೆಯಾಗಿ ನಿಲ್ಲಿಸಿದರು. ಅಚ್ಚಿನಿಂದ ಬಳೆಯವರೆಗೆ ಹಳೆಯ ಬನಿಯನ್ ಬಟ್ಟೆಯನ್ನು ಎಳೆದು ಬಿಗಿದರು. ಬಟ್ಟೆಗೆ ರೆಸಿನ್ ಬಳಿದು, ಒಣಗಿದ ಮೇಲೆ ಒಳಗಡೆ ಮತ್ತೆರಡು ಪದರ ಗಾಜಿನ ಚಾಪೆ ಅಂಟಿಸಿದರು. ಬಲಬಾಗಿಲಿನ ಗೂಡು ಸಿದ್ಧವಾಯಿತು.

ಎಡಬಾಗಿಲಿನ ಗೂಡನ್ನು ಮಾವ ನನಗೆ ಬಿಟ್ಟರು. “100 ಗ್ರಾಂ ರೆಸಿನಿಗೆ ಒಂದೆರಡು ಗ್ರಾಂ ಹಾರ್ಡ್‌ನರ್ ಸಾಕು. ಕೈಚೀಲ, ಮುಖಕವಚ ತೆಗೆಯಬೇಡ” ಎಂದು ಹೇಳಿ ಪೇಟೆಗೆ ಹೋದರು. ಬೇಗ ಮುಗಿಸಿ ಮಾವನಿಂದ ಭೇಷ್ ಎನಿಸಿಕೊಳ್ಳುವ ಆಸೆ ನನಗೆ. ಹಾರ್ಡ್‌ನರನ್ನು ಅಳೆಯದೆ ಸುರಿದೆ. ಸ್ವಲ್ಪ ಹೊತ್ತಿನಲ್ಲೇ ಗೂಡು ಬಿಸಿಯಾಯಿತು, ಮಗ್ಗಿನಲ್ಲಿ ಉಳಿದ ರೆಸಿನಿನಿಂದ ಹೊಗೆ ಎದ್ದಿತು. ಗೂಡು ತಣಿದಾಗ ನೋಡುತ್ತೇನೆ, ಒಳಗಡೆ ಕೂದಲೆಳೆಯಷ್ಟು ಸಣ್ಣ ಬಿರುಕು!

ನಾನೇನು ಮಾಡಿದೆ ಗೊತ್ತೇ? ಬಿರುಕಿಗೆ ಪುಟ್ಟಿ ತುಂಬಿದೆ. ಮರಳುಕಾಗದದಿಂದ ಉಜ್ಜಿ, ಹೊರಗೆ ಕಪ್ಪು ರೆಕ್ಸಿನ್ ಅಂಟಿಸಿದೆ. ಎರಡೂ ಗೂಡುಗಳು ಅವಳಿಜವಳಿಯಂತೆ ಕಂಡವು. ಮಾವ ಬಂದು ಬೆನ್ನು ತಟ್ಟಿದರು. ನಾನು ತಲೆ ಎತ್ತಲಿಲ್ಲ.

ಮರುದಿನ ಸಂಜೆ ಹಾಡು ಹಾಕಿದೆವು. ಬಲಗಡೆಯಿಂದ ಸ್ವರ ಇಂಪಾಗಿ ಬಂತು. ಎಡಗಡೆಯಿಂದಲೋ, ಪೆಟ್ಟು ಬಿದ್ದಾಗಲೆಲ್ಲ ‘ಬರ್ರ್’ ಎಂಬ ಸದ್ದು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತಿತ್ತು. ಟ್ಯಾಕ್ಸಿಯವರ ಮುಖ ಬಾಡಿತು.

“ಮಾವ, ತಪ್ಪು ನನ್ನದು. ಬಿರುಕು ಮುಚ್ಚಿಟ್ಟೆ” ಎಂದೆ. ನನ್ನ ಸ್ವರ ನಡುಗುತ್ತಿತ್ತು.

ಮಾವ ಬೈಯಲಿಲ್ಲ. ದೀಪ ಹಾಕಿ, ರೆಕ್ಸಿನ್ ಕಿತ್ತು, ತಕ್ಕಡಿಯನ್ನು ನನ್ನ ಮುಂದಿಟ್ಟರು. ರಾತ್ರಿಯಿಡೀ ಕುಳಿತು ಹೊಸ ಗೂಡು ಮಾಡಿದೆವು. ಈ ಸಲ ಗ್ರಾಂ ಲೆಕ್ಕದಲ್ಲಿ ಅಳೆದೆ. ಬೆಳಗ್ಗೆ ದಿಬ್ಬಣದ ಕಾರು ಹಾಡುತ್ತಾ ಹೊರಟಿತು. ಎರಡನೆಯ ಗೂಡಿಗೆ ಮಾವ ಹಣ ತೆಗೆದುಕೊಳ್ಳಲಿಲ್ಲ.

ಕಾರು ಮರೆಯಾದ ಮೇಲೆ ಮಾವ ಶೆಡ್ಡಿನ ಮೂಲೆಯಲ್ಲಿದ್ದ ದೋಣಿಯನ್ನು ತೋರಿಸಿ ಕೇಳಿದರು: “ಕಾರಿನಲ್ಲಿ ಹಾಡು ಕೆಟ್ಟಿತು, ಅಷ್ಟೇ. ಇದರಲ್ಲಿ ಬಿರುಕು ಮುಚ್ಚಿಟ್ಟಿದ್ದರೆ?”

ನಾನು ಉತ್ತರಿಸಲಿಲ್ಲ. ಹೊರಗೆ ಕಡಲು ಮೊರೆಯುತ್ತಿತ್ತು. ಮಕ್ಕಳೇ, ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?