ನಾಲ್ಕು ಗೋಲು ಹೊಡೆಸಿಕೊಂಡ ರಾತ್ರಿ

ಆ ರಾತ್ರಿಯ ಸಂಕಟ ನಿಮಗೆ ತಿಳಿಯಬೇಕಾದರೆ ಅದಕ್ಕೂ ಮುಂಚಿನ ಸುಖವನ್ನು ಹೇಳಬೇಕು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದುಬಿಟ್ಟಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಬೇರೆ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. 2019ರ ಮಾರ್ಚ್‌ನಲ್ಲಿ, ಮುಂಬೈಯಲ್ಲಿ, ಎಕ್ಸ್‌ಟ್ರಾ ಟೈಮ್ ಇನ್ನೇನು ಮುಗಿಯಬೇಕು ಅನ್ನುವಾಗ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಐಎಸ್‌ಎಲ್ ಕಪ್ಪೂ ಬಂತು. ಗೆಲುವಿನ ರುಚಿ ಹತ್ತಿದ ಊರು ನಮ್ಮದು.

ನನ್ನ ಸೋದರಮಾವ ಆಸ್ಟಿನ್ ಟೌನಿನವರು. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡುತ್ತಲೇ ಬೆಳೆದವರು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದ ಹುಡುಗರ ಜೊತೆ ಬರಿಗಾಲಲ್ಲಿ ಆಡಿದವರು. ಕಂಠೀರವ ಕ್ರೀಡಾಂಗಣಕ್ಕೆ ಹೋದರೆ ನಾವಿಬ್ಬರೂ ಒಟ್ಟಿಗೇ ಹೋಗುವುದು.

2023ರ ಡಿಸೆಂಬರ್ 8, ಶುಕ್ರವಾರ. ಎದುರಾಳಿ ಮುಂಬೈ ಸಿಟಿ. ಆ ಸೀಸನ್ನಿನಲ್ಲಿ ಅದುವರೆಗೆ ನಾವು ಗೆದ್ದದ್ದು ಒಂದೇ ಪಂದ್ಯ, ಈಸ್ಟ್ ಬೆಂಗಾಲ್ ಮೇಲೆ. ಇವತ್ತಾದರೂ ದೆಸೆ ತಿರುಗೀತು ಅಂತ ಹೋಗಿ ಕೂತೆವು. ಅರ್ಜೆಂಟೀನಾದ ಪೆರೇರಾ ಡಿಯಾಜ್ ಇದ್ದ ಆ ತಂಡ ಮೊದಲ ಗೋಲು ಹೊಡೆಯಿತು. ಆಮೇಲೆ ಎರಡನೆಯದು, ಮೂರನೆಯದು.

ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಕೂಗು ಆಟಗಾರನ ಕಿವಿಗೆ ಬೀಳಬೇಕಾದರೆ ಹೊಟ್ಟೆಯಾಳದಿಂದ ಬರಬೇಕು. ಮೂರನೇ ಗೋಲಿಗೆ ಮಾವ ಎದ್ದು ನಿಂತರು. "ಓಡ್ರೋ! ಬಾಲ್ ಹೋದ್ಮೇಲೆ ಹಿಂದೆ ಓಡ್ರೋ! ಹಿಂದಕ್ಕೇ ಯಾಕ್ರೋ ಪಾಸು?" ಕತ್ತಿನ ನರ ಉಬ್ಬಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿ, "ಅಂಕಲ್, ನಮ್ಮ ಟೀಮನ್ನ ನಾವೇ ಬೈದ್ರೆ ಹೆಂಗೆ?" ಅಂದ.

ಮಾವ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತು ಇದು: "ಸೋತಿದ್ದಕ್ಕೆ ಬೈತಿಲ್ಲ ಕಣಪ್ಪ. ಈ ಹುಡುಗ್ರಿಗೆ ಇದಕ್ಕಿಂತ ಚೆನ್ನಾಗಿ ಆಡೋಕೆ ಬರುತ್ತೆ, ನಾನು ಕಣ್ಣಾರೆ ನೋಡಿದೀನಿ. ಬರಲ್ಲ ಅಂತಿದ್ರೆ ಸುಮ್ನೆ ಕೂತಿರ್ತಿದ್ದೆ."

ನಾಲ್ಕನೆಯದೂ ಬಿತ್ತು. ಹೊರಗೆ ಬಂದಾಗ ನನಗೆ ಮೆಟ್ರೋ ಹಿಡಿದು ಮನೆ ಸೇರಿಕೊಂಡರೆ ಸಾಕಾಗಿತ್ತು. ಮಾವ ಬಿಡಲಿಲ್ಲ. ಮುಚ್ಚುವ ಹೊತ್ತಿನ ಟೀ ಅಂಗಡಿಯೊಂದರ ಕಟ್ಟೆಯ ಮೇಲೆ ಖಾಲಿ ಗ್ಲಾಸುಗಳನ್ನು ಜೋಡಿಸಿ, ಡಿಫೆನ್ಸಿಗೂ ಮಿಡ್‌ಫೀಲ್ಡಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದರೆಂದು ತೋರಿಸತೊಡಗಿದರು. ನೀಲಿ ಜೆರ್ಸಿಯ ಅಪರಿಚಿತರು ಸುತ್ತ ನೆರೆದರು. ಒಬ್ಬ ಗ್ಲಾಸನ್ನು ಎಡಕ್ಕೆ ಸರಿಸಿದ, ಇನ್ನೊಬ್ಬ ಅದು ತಪ್ಪು ಅಂತ ಜಗಳಕ್ಕೆ ನಿಂತ. ಅರ್ಧ ಗಂಟೆ ಮೊದಲು ತಲೆ ತಗ್ಗಿಸಿ ಗೇಟು ದಾಟಿದವರೇ ಈಗ ಮುಂದಿನ ಪಂದ್ಯಕ್ಕೆ ತಂಡ ಕಟ್ಟುತ್ತಿದ್ದರು. ಆ ಜಗಳ ಕೇಳುತ್ತ ಕೇಳುತ್ತ ನನ್ನೊಳಗೆ ಗಂಟು ಕಟ್ಟಿದ್ದ ಸಿಟ್ಟೂ ಸಡಿಲವಾಯಿತು.

ಮರುದಿನ ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಬೀಳ್ಕೊಟ್ಟಿತು. ಹಾಗಂತ ಕಷ್ಟ ತೀರಲಿಲ್ಲ. ಏಪ್ರಿಲ್‌ನಲ್ಲಿ ಅದೇ ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು ಮತ್ತೆ 0-4. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಅವತ್ತೂ ಮಾವ ಕೊನೇ ವಿಷಲ್ ತನಕ ಕೂತಿದ್ದರು, ಬೈಯುತ್ತಲೇ.

ಮುಂದಿನ ಸೀಸನ್ನಿಗೆ ಡಿಯಾಜ್ ನಮ್ಮ ತಂಡಕ್ಕೇ ಬಂದ. 2025ರ ಮಾರ್ಚ್ 29ರಂದು ಪ್ಲೇಆಫ್. ಅದೇ ಮೈದಾನ, ಅದೇ ಮುಂಬೈ ಸಿಟಿ. ಗೆದ್ದೆವು, 5-0! ಸುರೇಶ್ ಸಿಂಗ್ ಶುರು ಮಾಡಿದ, ಸುನಿಲ್ ಛೆಟ್ರಿಯೂ ಹೊಡೆದ, ಐದನೆಯದು ಡಿಯಾಜನದು. ಒಂದು ಕಾಲಕ್ಕೆ ನಾವು ಶಪಿಸಿದ್ದ ಹೆಸರನ್ನು ಮಾವ ಗಂಟಲು ಬಿರಿಯುವ ಹಾಗೆ ಕೂಗಿದರು. ಆ ಸಲವೂ ಕಪ್ಪು ಬರಲಿಲ್ಲ, ಫೈನಲ್‌ನಲ್ಲಿ ಮೋಹನ್ ಬಾಗಾನ್ 2-1ರಿಂದ ಗೆದ್ದಿತು. ಆದರೆ ಕೋಲ್ಕತ್ತಾದಲ್ಲಿ ನಮ್ಮವರು ಎಕ್ಸ್‌ಟ್ರಾ ಟೈಮ್‌ನಲ್ಲೂ ಓಡಿದರು. ಟಿವಿ ಮುಂದೆ ಮಾವ ಅವತ್ತು ಒಂದು ಮಾತೂ ಬೈಯಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತಂಡ ಸೋಲುವಾಗ ಸಿಟ್ಟು ಬರಲಿ, ಬರಲೇಬೇಕು. "ಬರೀ ಆಟ ತಾನೇ, ಬಿಡಿ" ಅನ್ನುವವರು ಆ ಹುಡುಗರಿಂದ ಏನನ್ನೂ ಬಯಸುವುದಿಲ್ಲ. ಬೈಯುವವನು ಬಯಸುತ್ತಾನೆ. ಬಯಸುವುದನ್ನು ಬಿಡದೆ, ಟಿಕೆಟ್ ತೆಗೆದುಕೊಂಡು, ಮುಂದಿನ ಪಂದ್ಯಕ್ಕೂ ಬರುವವನೇ ಅಭಿಮಾನಿ.