'ಬರ್ಕ್' ಎಂಬ ಮಾತಿಗೆ ಬೇಕಾದ ಲೈಬ್ರರಿಗಳು

ಕುಂದಾಪ್ರ ಕನ್ನಡದಲ್ಲಿ 'ಬರಬೇಕು' ಎನ್ನುವುದಕ್ಕೆ 'ಬರ್ಕ್' ಎಂದರೆ ಸಾಕು, 'ಹೋಗಬೇಕು' ಎನ್ನುವುದಕ್ಕೆ 'ಹೋಯ್ಕ್'. ಬಾಯಿಗೆ ಇಷ್ಟು ಚಿಕ್ಕದಾದ ಮಾತು ಗಣಕಕ್ಕೆ ಚಿಕ್ಕದಲ್ಲ. 'ಬರ್ಕ್' ಎಂದು ಟೈಪಿಸಿದಾಗ ಯುನಿಕೋಡ್‌ನಲ್ಲಿ ಕೂರುವುದು ಐದು ಸಂಕೇತಗಳು: ಬ, ರ, ಹಲಂತ, ಕ, ಮತ್ತೆ ಹಲಂತ. ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಅರ್ಕಾವತ್ತಾಗಿ ಕಕಾರದ ಹಿಂದೆ ಹೋಗಿ ನಿಲ್ಲಬೇಕು. ಈ ಅದಲುಬದಲನ್ನು ಫಾಂಟ್ ತಾನಾಗಿಯೇ ಮಾಡುವುದಿಲ್ಲ. ಫಾಂಟ್‌ನಲ್ಲಿರುವ ನಿಯಮಗಳನ್ನು ಓದಿ ಅಕ್ಷರಗಳನ್ನು ಜೋಡಿಸುವ ಕೆಲಸ ಬೇರೊಂದು ತಂತ್ರಾಂಶದ್ದು.

ವಿಂಡೋಸ್‌ಗೂ ಮ್ಯಾಕ್‌ಗೂ ಇಂಥ ಜೋಡಣೆಗೆ ತಮ್ಮದೇ ವ್ಯವಸ್ಥೆಗಳಿವೆ. ಇವೆರಡರಲ್ಲೂ ಲಿನಕ್ಸ್‌ನಲ್ಲೂ ಒಂದೇ ರೀತಿ ನಡೆಯುವ ಮುಕ್ತ ಲೈಬ್ರರಿ ಹಾರ್ಫ್‌ಬಜ್. ಹೆಸರು ಪಾರ್ಸಿಯದು, 'ಓಪನ್ ಟೈಪ್' ಎಂಬುದರ ಅನುವಾದ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಇದನ್ನೇ ಬಳಸುತ್ತವೆ.

ನನ್ನ ಸಂಶೋಧನೆಗೆ ಬೇಕಿದ್ದದ್ದು ನಕ್ಷೆಗಳು. ಬ್ರಹ್ಮಾವರದಿಂದ ಬೈಂದೂರಿನಾಚೆ ಶಿರೂರಿನವರೆಗೆ ಯಾವ ಊರಿನಲ್ಲಿ ಯಾವ ಮಾತು ಎಂದು ಊರಿನ ಮೇಲೆಯೇ ಬರೆದ ನಕ್ಷೆಗಳು. ನೂರಾರು ಚೀಟಿಗಳನ್ನು ಕೈಯಲ್ಲಿ ಅಂಟಿಸುವ ಬದಲು ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ಲೈಬ್ರರಿಯಿಂದ ಬರೆಸಿದೆ. ಕುಂದಾಪುರದ ಮನೆಯಲ್ಲಿ ಉಬುಂಟು ಹಾಕಿದ ಗಣಕದಲ್ಲಿ ಎಲ್ಲ ಸರಿ ಬಂತು. ಅದೇ ಪ್ರೋಗ್ರಾಮ್ ಬ್ರಹ್ಮಾವರದ ಡಿಟಿಪಿ ಅಂಗಡಿಯ ವಿಂಡೋಸ್‌ನಲ್ಲಿ ಓಡಿದಾಗ 'ಬರ್ಕ್' ಕಾಣಲಿಲ್ಲ. ಬ, ರ, ಒಂದು ಕೊಂಡಿ, ಕ, ಇನ್ನೊಂದು ಕೊಂಡಿ ಸಾಲಾಗಿ ನಿಂತಿದ್ದವು. ಫಾಂಟ್ ಅದೇ ನೋಟೋ ಸಾನ್ಸ್ ಕನ್ನಡ. ಎಲ್ಲೂ ದೋಷದ ಸೂಚನೆ ಇಲ್ಲ.

ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಹ್ವಾಯ್, ಅಕ್ಷರ ಒಡ್ದ್ ಹೋಯ್ತ್. 'ಬರಬೇಕು' ಅಂದೇಳಿ ಹಾಕ್ಲಾ?"

ನನಗೆ ಭಯವಾದದ್ದು ಇಲ್ಲಿ. ಆಡುಮಾತು ಅಳಿಯುವುದಕ್ಕೆ ಯಾರೂ ಅದನ್ನು ಹೀಗಳೆಯಬೇಕಿಲ್ಲ. ಪರದೆಯ ಮೇಲೆ ಅದು ಮುರಿದು ಕಂಡರೆ ಸಾಕು, ಕಂಡವರು ಅದನ್ನು 'ಸರಿ' ಮಾಡುತ್ತಾರೆ. ಉಕಾರ ಬಿಟ್ಟು ವ್ಯಂಜನದಲ್ಲೇ ನಿಲ್ಲುವುದು ನಮ್ಮ ನುಡಿಯ ಗುರುತು. ಒಡೆದು ಹೋಗುವುದೂ ಅದೇ ಜಾಗದಲ್ಲಿ.

ಹುಡುಕಿದಾಗ ಸಿಕ್ಕ ಕಾರಣ ವಿಚಿತ್ರ. ಪಿಲ್ಲೋ ಅಕ್ಷರ ಜೋಡಿಸಲು ರಕ್ಮ್ ಎಂಬ ಲೈಬ್ರರಿಯನ್ನು ಕರೆಯುತ್ತದೆ. ರಕ್ಮ್‌ಗೆ ಹಾರ್ಫ್‌ಬಜ್ ಬೇಕು, ಫ್ರೀಟೈಪ್ ಬೇಕು, ಫ್ರಿಬಿಡಿಯೂ ಬೇಕು. ಸಿದ್ಧವಾಗಿ ಸಿಗುವ ಪಿಲ್ಲೋದ ಕಟ್ಟಿನಲ್ಲಿ ಫ್ರಿಬಿಡಿ ಇರುವುದಿಲ್ಲ, ಗಣಕದಲ್ಲೇ ಇರಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ, ವಿಂಡೋಸ್‌ನಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಪಿಲ್ಲೋ ಸದ್ದಿಲ್ಲದೆ ಸರಳ ಜೋಡಣೆಗೆ ಇಳಿದು, ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ. ಫ್ರಿಬಿಡಿಯ ಕೆಲಸವೋ, ಬಲದಿಂದ ಎಡಕ್ಕೆ ಸಾಗುವ ಅರಬ್ಬಿ, ಹೀಬ್ರೂ ಸಾಲುಗಳ ದಿಕ್ಕು ನೋಡುವುದು. ಎಡದಿಂದ ಬಲಕ್ಕೆ ಮಾತ್ರ ಬರೆಯುವ ಕನ್ನಡದ ಅರ್ಕಾವತ್ತು ಅದಕ್ಕಾಗಿ ಕಾಯುತ್ತಿತ್ತು!

ಮೂಲ ಸಂಕೇತ ಇಳಿಸಿಕೊಂಡು ವಿಂಡೋಸ್‌ಗೆಂದು ಕಟ್ಟಿದೆ. ಮೊದಲು ಮೆಸನ್ ಎಂಬ ಸಾಧನ ಈ ಗಣಕದಲ್ಲಿ ಕಂಪೈಲರ್ ಯಾವುದು, ಏನಿದೆ, ಏನಿಲ್ಲ ಎಂದು ವಿಚಾರಿಸುತ್ತದೆ. ಆಮೇಲೆ ನಿಂಜಾ ಕಡತಗಳನ್ನು ಕಂಪೈಲ್ ಮಾಡಿಸುತ್ತದೆ. ಕೊನೆಗೆ ಸಿಗುವುದು ಒಂದು ಡಿಎಲ್‌ಎಲ್ ಕಡತ. ಪೈಥಾನ್ 64 ಬಿಟ್ ಆಗಿದ್ದರೆ ಇದೂ 64 ಬಿಟ್ ಆಗಿರಬೇಕು, ಪೈಥಾನ್ ಹುಡುಕುವ ಜಾಗದಲ್ಲೇ ಇರಬೇಕು. ಇಟ್ಟು ಮತ್ತೆ ಓಡಿಸಿದಾಗ ಅರ್ಕಾವತ್ತು ತನ್ನ ಜಾಗಕ್ಕೆ ಬಂತು.

ಬೈಂದೂರಿನ ಗೆಳೆಯನ ಮ್ಯಾಕ್ ಹಳೆಯದು. ಹೋಮ್‌ಬ್ರೂ ಒಂದೇ ಸಾಲಿನ ಆಜ್ಞೆಯಲ್ಲಿ ಇವನ್ನೆಲ್ಲ ತರುತ್ತದೆ ನಿಜ. ಆದರೆ ಅಷ್ಟು ಹಳೆಯ ಆವೃತ್ತಿಗೆ ಸಿದ್ಧ ಕಟ್ಟುಗಳಿಲ್ಲದೆ ಎಲ್ಲವನ್ನೂ ಮೂಲದಿಂದಲೇ ಕಟ್ಟತೊಡಗಿತು. ಫ್ಯಾನಿನ ಸದ್ದು ಕೇಳುತ್ತಾ ಇನ್ನೊಂದು ಸಂಗತಿ ಓದಿಕೊಂಡೆ: ಹಾರ್ಫ್‌ಬಜ್ ಫ್ರೀಟೈಪನ್ನು ಬಳಸಿಕೊಳ್ಳುತ್ತದೆ, ಫ್ರೀಟೈಪ್ ಹಾರ್ಫ್‌ಬಜ್ಜನ್ನು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎರಡನ್ನೂ ಪೂರ್ತಿಯಾಗಿ ಬೇಕೆನ್ನುವವರು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪನ್ನು ಒಮ್ಮೆ ಕಟ್ಟಿ, ಅದರ ಮೇಲೆ ಹಾರ್ಫ್‌ಬಜ್ ಕಟ್ಟಿ, ಮತ್ತೆ ಫ್ರೀಟೈಪ್ ಕಟ್ಟುತ್ತಾರೆ.

ಎಲ್ಲ ಗಣಕಗಳಲ್ಲೂ ನಡೆಯುವ ಲೈಬ್ರರಿ ಎಂದರೆ ಎಲ್ಲದರಲ್ಲೂ ತಾನಾಗಿ ಇರುವ ಲೈಬ್ರರಿ ಅಲ್ಲ. ಪ್ರತಿ ಗಣಕದಲ್ಲೂ ಯಾರೋ ಒಬ್ಬರು ಕಟ್ಟಿ ಕೂರಿಸಬೇಕು. ಕೂತಿದೆಯೇ ಎಂದು ನೋಡಲು ಆ ನುಡಿ ಬಲ್ಲವರು ಇರಬೇಕು. ಮೂಲ ಸಂಕೇತ ಬರೆದವರಿಗೆ 'ಬರ್ಕ್' ಗೊತ್ತಿರಬೇಕಿಲ್ಲ. ಗೊತ್ತಿರುವವರು ನಾವು.

ಈಗ ನನ್ನ ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಒಂದು ಪರೀಕ್ಷೆ ಇದೆ. ರಕ್ಮ್ ಸಿಗದಿದ್ದರೆ ಅದು ನಕ್ಷೆ ಬರೆಯುವುದೇ ಇಲ್ಲ. ಏನು ಬೇಕೆಂದು ಕನ್ನಡದಲ್ಲಿ ಹೇಳಿ ನಿಂತುಬಿಡುತ್ತದೆ. ಒಡೆದ ಮಾತನ್ನು ಅಚ್ಚಿಗೆ ಕಳಿಸುವುದಕ್ಕಿಂತ ಖಾಲಿ ಹಾಳೆ ವಾಸಿ.